ಹಳೆಯ ಕ್ಯಾಸೆಟ್ಟಿನಲ್ಲಿ ಉಳಿದ ಕೊಡೆ

ಹೊಸ ಸೀಡಿಯ ಮೈಗೆ ಸುತ್ತಿದ ಪಾರದರ್ಶಕ ಹಾಳೆಯನ್ನು ಬರಿಯ ಉಗುರಿನಿಂದ ಬಿಡಿಸಬಲ್ಲ ಮಹಾನುಭಾವರು ಯಾರಾದರೂ ಇದ್ದರೆ ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಅದರ ಅಂಚಿಗೆ ಕೆಂಪು ಎಳೆಯೊಂದನ್ನು ಅಂಟಿಸಿರುತ್ತಾರೆ. ಎಳೆದರೆ ಎಳೆ ಮಾತ್ರ ಕೈಗೆ ಬಂದು, ಹಾಳೆ ಹಠಯೋಗಿಯಂತೆ ನಿಶ್ಚಲವಾಗಿ ಉಳಿಯುತ್ತದೆ. ಕೊನೆಗೆ ನನ್ನ ಹೆಂಡತಿ ಶಾರದೆ ಅಡುಗೆಮನೆಯಿಂದ ಬಂದು, ಸೀರೆಯ ಪಿನ್ನಿನ ತುದಿಯಿಂದ ಅದನ್ನು ಒಂದಿಷ್ಟೂ ಹರಿಯದಂತೆ ಬಿಡಿಸಿ, "ಇದು ನಮ್ಮಲ್ಲಿ ಮೊದಲೇ ಉಂಟಲ್ಲ?" ಎಂದು ಕೇಳುತ್ತಾಳೆ. ಆ ಸೇವೆಗೆ ಅವಳು ವಸೂಲು ಮಾಡುವ ಸಂಭಾವನೆ ಈ ಒಂದೇ ಪ್ರಶ್ನೆ.

ಉಂಟು, ನಿಜ. ವೇಷ ಕಟ್ಟದೆ, ಕುಣಿಯದೆ, ಕುಳಿತಲ್ಲೇ ಮಾತಿನ ಮಂಟಪ ಕಟ್ಟುವ ತಾಳಮದ್ದಳೆಯ ಧ್ವನಿಮುದ್ರಿಕೆಗಳನ್ನು ನಾನು ಕ್ಯಾಸೆಟ್ಟುಗಳ ಕಾಲದಿಂದಲೂ ಸಂಗ್ರಹಿಸುತ್ತ ಬಂದವನು. ಅವು ಈಗ ಸೀಡಿಗಳಾಗಿ ಪುನರ್ಜನ್ಮ ಪಡೆಯುತ್ತಿವೆ; ಮೂಡುಬಿದಿರೆಯ ಅಂಗಡಿಯಲ್ಲಿ ಹೊಸತು ಬಂತೆಂದು ತಿಳಿದರೆ ಬಂಟ್ವಾಳದಿಂದ ಬಸ್ಸು ಹತ್ತುತ್ತೇನೆ. ದೇಹ ಹೊಸದಾದ ಮೇಲೆ ಹಳೆಯದನ್ನು ತ್ಯಜಿಸಬೇಕೆಂಬ ವೇದಾಂತ ನನಗೆ ಬಾಯಿಪಾಠವಿದೆ, ಕಪಾಟಿಗೆ ಮಾತ್ರ ಅನ್ವಯಿಸಿಲ್ಲ. ಆದುದರಿಂದ ಶಾರದೆಯೇ ಶಾಸನವೊಂದನ್ನು ಹೊರಡಿಸಿದಳು: ಒಂದು ಹೊಸತು ಒಳಗೆ ಬಂದರೆ ಅದರ ಹಳೆಯ ಪ್ರತಿ ಹೊರಗೆ ಹೋಗತಕ್ಕದ್ದು. ಹೀಗೆ ಗಡೀಪಾರಾದವಕ್ಕೆಲ್ಲ ಆಶ್ರಯ ಕೊಡುವವರು ನನ್ನ ಹಳೆಯ ಗೆಳೆಯರಾದ ತೋಡಾರಿನ ವಾಸು ಶೆಟ್ಟರು. ಅವರ ಜೀಪಿನಲ್ಲಿ ಎಲ್ಲವೂ ಸದ್ದು ಮಾಡುತ್ತದೆ, ಆದರೆ ಕೇಳುವಂಥ ಸದ್ದು ಹೊರಡುವುದು ಕ್ಯಾಸೆಟ್ಟಿನ ಪೆಟ್ಟಿಗೆಯಿಂದ ಮಾತ್ರ.

ಈ ಸಲ ಗಡೀಪಾರಿನ ಸರದಿ ಬಂದದ್ದು ಪಾಣೆಮಂಗಳೂರಿನಲ್ಲಿ ನಡೆದ ‘ಸಂಧಾನ’ ಪ್ರಸಂಗದ ಕ್ಯಾಸೆಟ್ಟಿಗೆ. ಅದನ್ನು ಕಳೆದುಕೊಳ್ಳಲು ನನಗೆ ದುಃಖವೇನೂ ಇರಲಿಲ್ಲ. ಏಕೆಂದರೆ, ವಾಚಕ ಮಹಾಶಯರೇ, ಅದರಲ್ಲಿ ನನ್ನ ಮಾನಭಂಗ ಮುದ್ರಿತವಾಗಿದೆ.

ಆಗ ನಾನು ಬೆಳ್ತಂಗಡಿಯಲ್ಲಿ ಮೇಷ್ಟರಾಗಿದ್ದೆ. ಒಂದು ಭಾನುವಾರದ ಅಪರಾಹ್ನ ಪಾಣೆಮಂಗಳೂರಿನಲ್ಲಿ ತಾಳಮದ್ದಳೆಯ ಕೂಟ. ಮೊದಲ ಸಾಲಿನಲ್ಲಿ ನಾನು, ಪಕ್ಕದಲ್ಲಿ ಶೆಟ್ಟರು. ರಾಯಭಾರಿ ಸಂಧಿಯ ಮಾತೆತ್ತಿದ್ದ, ಅರಸ ಒಪ್ಪುತ್ತಿರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ನಾನು ಸದ್ದಿಲ್ಲದೆ ಕೊಡೆ ಎತ್ತಿಕೊಂಡು ಎದ್ದೆ. ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಿಗೆ ಬರೆದಿಟ್ಟ ಮಾತಿಲ್ಲ. ಕಣ್ಣಿಗೆ ಬಿದ್ದದ್ದೆಲ್ಲ ಅವರ ಬಾಯಿಗೆ ಕಬಳ. ಅರಸನ ಪಾತ್ರದವರು ನನ್ನನ್ನೇ ನೋಡುತ್ತ, "ಮಾತು ಮುಗಿಯುವ ಮೊದಲೇ ಕೊಡೆ ಹಿಡಿದು ಓಡುವ ಧೀರರು ನಮ್ಮ ಸಭೆಯ ಮೊದಲ ಸಾಲಿನಲ್ಲೇ ಇದ್ದಾರೆ. ಇಂಥವರನ್ನು ನಂಬಿ ನಾನು ಯುದ್ಧ ಸಾರಲೇ?" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ತಿರುಗಿ ನೋಡದೆ ನಡೆದೆ. ಅಂದಿನಿಂದ ಸುತ್ತಲಿನ ಊರುಗಳಲ್ಲೆಲ್ಲ ನಾನು ‘ಕೊಡೆ ಮಾಷ್ಟ್ರು’. ಕ್ಯಾಸೆಟ್ಟು ಬಂದಾಗ ಕೊಂಡೆನೇನೋ ಸರಿ. ಪ್ರತಿ ಸಲವೂ ಆ ನಗು ಏಳುತ್ತಲೇ ಗುಂಡಿ ಒತ್ತಿ ನಿಲ್ಲಿಸಿ, ಸಿಟ್ಟನ್ನು ಹೊಸದಾಗಿ ಕಾಯಿಸಿಕೊಂಡು ಒಳಗಿಡುತ್ತಿದ್ದೆ. ಕೆಲವರು ಉಪ್ಪಿನಕಾಯಿಯ ಭರಣಿಯನ್ನು ಜೋಪಾನ ಮಾಡುವಂತೆ ನಾನು ಅವಮಾನವನ್ನು ಜೋಪಾನ ಮಾಡಿದವನು. ಗಾಳಿಯಾಡದಂತೆ ಕಟ್ಟಿಟ್ಟರೆ ಎರಡೂ ಕೆಡುವುದಿಲ್ಲ.

ಹೊಸ ಸೀಡಿಯಲ್ಲಿ ಅರಸ ಮಾತಾಡಿದ, ಕೊಡೆಯ ಜಾಗ ಬಂತು, ಕೊಡೆ ಬರಲಿಲ್ಲ! ನಗುವೂ ಇಲ್ಲ. ಲಕೋಟೆಯನ್ನು ತಿರುಗಿಸಿದರೆ, ‘ಅನಗತ್ಯ ಸದ್ದುಗಳನ್ನು ತೆಗೆದು ಶುದ್ಧೀಕರಿಸಲಾಗಿದೆ’ ಎಂಬ ಒಕ್ಕಣೆ. ಮಾನ ಮರಳಿತೆಂದು ಕ್ಷಣಕಾಲ ಹಿಗ್ಗಿದೆ. ಮರುಕ್ಷಣವೇ ರೋಷ ಉಕ್ಕಿತು. ಇಷ್ಟು ವರ್ಷ ನಾನು ಹೊತ್ತ ಅಪಮಾನ ಇವರಿಗೆ ಅನಗತ್ಯ ಸದ್ದೇ? ಪ್ರಕಾಶಕರಿಗೆ ಖಂಡನಾಪತ್ರ ಬರೆಯಬೇಕು. ಬರೆಯುವುದಾದರೆ ಲೋಪದ ಆದ್ಯಂತ ಖಚಿತವಾಗಿರಬೇಕು. ಶೆಟ್ಟರು ಬರುವ ಮೊದಲೇ ಮುಗಿಸೋಣವೆಂದು ಹಳೆಯ ಕ್ಯಾಸೆಟ್ಟನ್ನು ಹಾಕಿ, ಲೇಖನಿ ಹಿಡಿದು ಕುಳಿತೆ.

ಅರಸ ಹಂಗಿಸಿದ, ಸಭೆ ನಕ್ಕಿತು. ಬರೆಯುತ್ತಿದ್ದ ಕೈ ಗುಂಡಿಯತ್ತ ಹೋಗುವುದು ತಡವಾಯಿತು. ಅಷ್ಟರಲ್ಲಿ ರಾಯಭಾರಿ ಬಾಯಿ ತೆರೆದ: "ಅರಸಾ, ಆ ಸಜ್ಜನರನ್ನು ಹಂಗಿಸಬೇಡ. ಈ ಸಭೆಯಲ್ಲಿ ಮೋಡ ಕಂಡೊಡನೆ ಕೊಡೆ ಹಿಡಿದ ವಿವೇಕಿ ಅವರೊಬ್ಬರೇ. ನಿನ್ನ ನೆತ್ತಿಯ ಮೇಲೆ ಕವಿದ ಕಾರ್ಮೋಡ ನಿನಗೆ ಮಾತ್ರ ಕಾಣುತ್ತಿಲ್ಲ." ಆಮೇಲೆ ಚಪ್ಪಾಳೆ, ನಗುವನ್ನು ಮುಳುಗಿಸುವಂಥ ಚಪ್ಪಾಳೆ. ಅರಸನೂ, "ಭೇಷ್!" ಎಂದುದು ಸ್ಪಷ್ಟವಾಗಿ ಕೇಳಿಸಿತು.

ನನ್ನ ಪರವಾಗಿ ವಾದವೂ ನಡೆದಿತ್ತು, ತೀರ್ಪೂ ಆಗಿತ್ತು. ನಾನು ಮಾತ್ರ ಬೆಳ್ತಂಗಡಿಯ ಬಸ್ಸಿನಲ್ಲಿದ್ದೆ.

ಜೀಪು ಅಂಗಳಕ್ಕೆ ಬಂದದ್ದೇ ಶೆಟ್ಟರ ಮೇಲೆ ಹರಿಹಾಯ್ದೆ. ಪಕ್ಕದಲ್ಲೇ ಕುಳಿತಿದ್ದವರು ಇದನ್ನು ಕೇಳಿರಲಿಲ್ಲವೇ?

"ಕೇಳದೆ ಉಂಟಾ? ಮೊದಲು ಚಪ್ಪಾಳೆ ಹೊಡೆದದ್ದೇ ನಾನು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಸಿಟ್ಟು ಇಳೀತಿತ್ತು ಮಾಷ್ಟ್ರೇ. ಮತ್ತೆ ನಮಗೆ ಗಮ್ಮತ್ತು ಎಂತ ಉಂಟು ಮಾರಾಯ್ರೆ?" ಎಂದು ಕೈಚಾಚಿದರು. "ಅದು ಇರ್ಲಿ, ಕ್ಯಾಸೆಟ್ ಕೊಡಿ."

ಕೊಡುವುದಿಲ್ಲವೆಂದೆ; ಬದಲಿಗೆ ಹೊಸ ಸೀಡಿಯನ್ನೇ ನೀಡಿದೆ. ಅವರು ಅದನ್ನು ಬಿಸಿಲಿಗೆ ಹಿಡಿದು, "ಇದು ನನ್ನ ಜೀಪಿಗೆ ಎಂತಕ್ಕೆ? ಬಸಳೆ ಚಪ್ಪರಕ್ಕೆ ಕಟ್ಟುವ, ಹಕ್ಕಿಗಳಾದ್ರೂ ಹೆದರ್ತವೆ" ಎಂದು ಜೇಬಿಗೆ ಹಾಕಿಕೊಂಡು ಹೋದರು. ಶಾಸನದಂತೆ ಒಂದು ಬಂದು ಒಂದು ಹೋಗಿತ್ತು. ಯಾವುದು ಹೋಗಬೇಕೆಂಬುದರಲ್ಲಷ್ಟೆ ನಾನು ತಿದ್ದುಪಡಿ ಮಾಡಿದ್ದೆ.

ಸಿಟ್ಟಿಲ್ಲದ ಮನಸ್ಸು ಈಗ ಪೀಠೋಪಕರಣ ಸಾಗಿಸಿದ ಕೋಣೆಯಂತೆ ಭಣಗುಡುತ್ತಿದೆ. ಚಿಂತೆಯಿಲ್ಲ, ಮುಂದಿನ ವರ್ಷಗಳಿಗೆ ಶೆಟ್ಟರ ಮೌನವೊಂದೇ ಸಾಕು. ಭರಣಿಗೆ ಹಾಕಲು ಒಳ್ಳೆಯ ಮಿಡಿ, ಚೆನ್ನಾಗಿ ಬಾಳಿಕೆ ಬಂದೀತು. ಶಾರದೆ ಪಿನ್ನಿನಿಂದ ಬಿಡಿಸಿಟ್ಟಿದ್ದ ಆ ಪಾರದರ್ಶಕ ಹಾಳೆ ಮೇಜಿನ ಮೇಲೇ ಇತ್ತು. ಅದನ್ನು ಹಳೆಯ ಕ್ಯಾಸೆಟ್ಟಿಗೆ ಸುತ್ತಿದ್ದೇನೆ. ತುಸು ದೊಗಳೆ, ಆದರೆ ಉಗುರು ತಾಗಿದೊಡನೆ ಬಿಚ್ಚಿಕೊಳ್ಳುತ್ತದೆ.