ನೆಗಡಿಯಾದ ಡ್ರ್ಯಾಗನ್ ಜೊತೆ ರಾವಂದೂರಿಗೆ

ಕೆ.ಆರ್. ನಗರದಿಂದ ಹುಣಸೂರಿನ ಬಸ್ಸು ಹೊರಟಾಗ ಸಣ್ಣಗೆ ಹನಿಯುತ್ತಿತ್ತು. ಆಧಾರ್ ಕಾರ್ಡ್ ತೋರಿಸಿದೆ, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಬಿಟ್ಟಿ ಪ್ರಯಾಣವಾದರೂ ನೆಮ್ಮದಿ ಇರಲಿಲ್ಲ. ರಾವಂದೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ತಂಗಿ ಸಾವಿತ್ರಿ ಇದ್ದಾಳೆ. ಮಾರನೆಯ ದಿನ ಮೈಸೂರಿನಲ್ಲಿ ಅವಳ ಕಣ್ಣಿನ ಆಪರೇಷನ್. ಹಿಂದೆ ಎರಡು ಸಲ ಡಾಕ್ಟರು ಡೇಟು ಕೊಟ್ಟಿದ್ದರು, ಎರಡು ಸಲವೂ ಅವಳೇ ತಪ್ಪಿಸಿದ್ದಳು. ಒಂದು ಕಣ್ಣು ಆಗಲೇ ಪೂರ್ತಿ ಮಂಜು, ಇನ್ನೊಂದು ಅದೇ ದಾರಿ ಹಿಡಿದಿತ್ತು. ಈ ಸಲ ಕೈಹಿಡಿದು ಎಳೆದುಕೊಂಡಾದರೂ ಹೋಗುವುದೆಂದು ನಾನು ಹೊರಟಿದ್ದೆ.

ದಾರಿಗೆಂದು ಒಂದು ಇಂಗ್ಲಿಷ್ ಕಾದಂಬರಿ ಇಟ್ಟುಕೊಂಡಿದ್ದೆ. ಮೊಮ್ಮಗಳು ಕೊಟ್ಟದ್ದು. "ಅಜ್ಜಿ, ನಿನ್ನ ಟೆನ್ಷನ್‌ಗೆ ಇದೇ ಔಷಧಿ. ಇದರಲ್ಲಿ ಯಾರೂ ಸಾಯಲ್ಲ" ಎಂದಿದ್ದಳು. ಇಂಥ ಕಥೆಗಳಿಗೆ ಕೋಜಿ ಫ್ಯಾಂಟಸಿ ಎಂದು ಹೆಸರಂತೆ. ಬೆಟ್ಟದ ಮೇಲೊಂದು ಪುಟ್ಟ ಟೌನು. ಅಲ್ಲಿನ ಬೇಕರಿಯ ಒಲೆಗೆ ಉರಿ ಕೊಡುವ ಕೆಲಸ ಒಂದು ಮುದಿ ಡ್ರ್ಯಾಗನ್‌ನದು. ಅದಕ್ಕೆ ನೆಗಡಿಯಾಗುತ್ತದೆ. ಅಷ್ಟೇ. ಹುಣಸೂರು ಹತ್ತಿರವಾದಾಗಲೂ ಅದು ಇನ್ನೂ ಕಷಾಯ ಕುಡಿಯುತ್ತಲೇ ಇತ್ತು. ಕಾನ್ವೆಂಟಿನಲ್ಲಿ ಲಿಟರೇಚರ್ ಹೇಳಿಕೊಟ್ಟ ನಮ್ಮ ಸಿಸ್ಟರ್ ಆಗಿದ್ದರೆ, "ವೇರ್ ಈಸ್ ದಿ ಕಾನ್‌ಫ್ಲಿಕ್ಟ್, ಗರ್ಲ್ಸ್?" ಎಂದು ಸ್ಕೇಲಿನಿಂದ ಡೆಸ್ಕು ಕುಟ್ಟುತ್ತಿದ್ದರು. ನನಗೂ ಅದೇ ಸಿಟ್ಟು. ಪುಸ್ತಕ ಮುಚ್ಚಿದೆ, ಮತ್ತೆ ತೆರೆದೆ. ಕಿಟಕಿಯನ್ನೂ ಹಾಗೇ ಮುಚ್ಚಿ ತೆರೆದು ಮಾಡಿದ್ದಕ್ಕೆ ಪಕ್ಕದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು.

ಹುಣಸೂರಿನ ಸ್ಟ್ಯಾಂಡಿನ ಎದುರು ಎರಡು ಇಡ್ಲಿ, ಒಂದು ಕಾಫಿ. ಕಾಫಿಗೆ ಸಕ್ಕರೆ ವಿಪರೀತ. ಅಲ್ಲಿಂದ ಪಿರಿಯಾಪಟ್ಟಣದ ಬಸ್ಸಿನಲ್ಲಿ ನಿಂತೇ ಹೋದೆ. ರಸ್ತೆಯ ಎರಡೂ ಕಡೆ ಹೊಗೆಸೊಪ್ಪಿನ ಹೊಲ, ಅದನ್ನು ಬೇಯಿಸುವ ಎತ್ತರದ ಬ್ಯಾರನ್‌ಗಳು, ಒಂದೊಂದರ ಚಿಮಣಿಯಿಂದಲೂ ಹೊಗೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ಎಂಟು ವರ್ಷವಾಗಿಬಿಡುತ್ತದೆ. ಆಮೇಲೆ ನನ್ನನ್ನು ಓದಿಸಲೆಂದು ಕಳಿಸಿದ ಸೋದರಮಾವನ ಮನೆ, ಮೈಸೂರು, ಕಾನ್ವೆಂಟು. ಸಾವಿತ್ರಿ ಇಲ್ಲೇ ಉಳಿದಳು.

ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಿಸಿ ರಾವಂದೂರಿನಲ್ಲಿ ಇಳಿದೆ. ಅಲ್ಲಿಂದ ಹಳ್ಳಿಗೆ ಆಟೋದವನು ಎಂಬತ್ತು ರೂಪಾಯಿ ಕೇಳಿದ, ಕೊಟ್ಟೆ. ಮನೆಯ ತಿರುವಿನಲ್ಲೇ ಕಂಡಿತು. ನಮ್ಮ ಬ್ಯಾರನ್ನಿನ ಚಿಮಣಿಯಲ್ಲೂ ಹೊಗೆ! ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟು ಇದೆ. ಬ್ಯಾರನ್ನಿಗೆ ಉರಿ ಹಾಕಿದ ಮೇಲೆ ಸೊಪ್ಪು ಬೆಂದು ಇಳಿಯುವ ತನಕ, ಅಂದರೆ ಐದಾರು ದಿನ, ಮನೆಯವರೇ ಒಬ್ಬರು ಒಲೆಯ ಮುಂದೆ ಇರಬೇಕು, ಕೂಲಿಯವರ ಕೈಗೆ ಉರಿ ಬಿಡುವಂತಿಲ್ಲ.

"ನಾಳೆ ಆಪರೇಷನ್ ಇಟ್ಕೊಂಡು ಇವತ್ತು ಉರಿ ಹಾಕಿದ್ದೀಯಲ್ಲ, ಬುದ್ಧಿ ಇದೆಯಾ ನಿನಗೆ?" ಎಂದೆ, ಚಪ್ಪಲಿಯನ್ನೂ ಬಿಡದೆ.

"ಇವತ್ತಲ್ಲ ಕಣಕ್ಕ, ನೆನ್ನೆ" ಎಂದಳು ಸಾವಿತ್ರಿ. "ಸೊಪ್ಪು ಅಣ್ಣಾಗೋಗಿತ್ತು. ನಿನ್ನ ಡಾಕ್ಟ್ರು ಡೇಟು ನೋಡ್ಕಂಡು ಅಣ್ಣಾಯ್ತದಾ ಅದು? ಕಣ್ಣು ಎಲ್ಲೋಯ್ತದೆ ಬುಡು, ಮುಂದಿನ ತಿಂಗ್ಳು ನೋಡನ."

"ಅಷ್ಟರಲ್ಲಿ ಅದು ಎಲ್ಲಿಗೆ ಹೋಗುತ್ತೋ ನಿನಗೆ ಕಾಣೋದೂ ಇಲ್ಲ."

ಅವಳ ಮಗ ಮಹೇಶ ಗೋಡೆಗೊರಗಿ ನಿಂತಿದ್ದ. ಸೊಸೆ ಹೆರಿಗೆಗೆಂದು ತವರಿಗೆ ಹೋಗಿದ್ದಳು. "ದೊಡ್ಡಮ್ಮ, ಆಸ್ಪತ್ರೇಲಿ ಮಗನೇ ಸೈನ್ ಆಕ್ಬೇಕಂತೆ, ನಾನೇ ಕರ್ಕಂಡು ಓಯ್ತೀನಿ ಅಂದೆ. ಇಲ್ಲಿ ಯಾರು ಕೂರ್ತಾರೆ ಅಂತಾಳೆ. ಓದ್ವಾರ ಒಲೆ ಬಾಯಿ ಕಾಣ್ದೆ ಸೀರೆ ಸೆರಗು ಸುಟ್ಕಂಡ್ಳು, ನಿಮ್ಗೆ ಏಳಿಲ್ಲ" ಎಂದ.

"ಬಾಯ್ ಮುಚ್ಲಾ" ಎಂದಳು ಸಾವಿತ್ರಿ.

ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ಊಟದುದ್ದಕ್ಕೂ ಇಬ್ಬರೂ ಮುಖ ತಿರುಗಿಸಿಕೊಂಡಿದ್ದೆವು. ಆಮೇಲೆ ಒಲೆಯ ಮುಂದೆ ಕೂತಾಗ, ಸೌದೆ ತಂದು ಹಾಕುವ ಪಕ್ಕದ ಮನೆಯ ಸಣ್ಣಮ್ಮ ನನ್ನ ಕೈಲಿದ್ದ ಪುಸ್ತಕ ನೋಡಿ ಕಥೆ ಏನೆಂದು ಕೇಳಿದಳು. ಹೇಳಿದೆ.

"ಡ್ರ್ಯಾಗನ್ ಅಂದ್ರೆ ಎಂಗಿರ್ತದಕ್ಕ?"

"ರೆಕ್ಕೆ ಇರೋ ದೊಡ್ಡ ಉಡ. ಬಾಯಲ್ಲಿ ಬೆಂಕಿ."

"ನಮ್ಮತ್ತೆನೂ ಅಂಗೇ ಇದ್ರು ಕಣಕ್ಕ. ರೆಕ್ಕೆ ಒಂದು ಇರ್ನಿಲ್ಲ."

ಸಾವಿತ್ರಿ ನಗಲಿಲ್ಲ. ಒಲೆಗೆ ಒಂದು ಸೌದೆ ದೂಡಿ ಕೇಳಿದಳು: "ಅದು ನೆಗ್ಡಿ ಆಗಿ ಮಲಗಿದ್ದಾಗ ಒಲೆ ಮುಂದೆ ಯಾರಕ್ಕ ಕೂತ್ಕಂಡಿದ್ದು?"

ಅಷ್ಟು ಪುಟ ಓದಿದ್ದರೂ ನನಗೆ ಕಾಡದಿದ್ದ ಪ್ರಶ್ನೆ. "ಇನ್ನೂ ಅಲ್ಲಿಗೆ ಬಂದಿಲ್ಲ" ಎಂದೆ. ಆಮೇಲೆ, "ನಾನು ಮನೆಯವಳು ಹೌದೋ ಅಲ್ಲವೋ?" ಎಂದೆ.

"ಅದ್ಯಾಕಂಗ್ ಕೇಳೀಯೆ?"

"ನಾಳೆ ಒಲೆ ಮುಂದೆ ನಾನು ಕೂರ್ತೀನಿ. ನೀನು ಮಹೇಶನ ಜೊತೆ ಹೋಗು."

"ನೀನು ಹಾಲು ಉಕ್ಕೋದ್ನೇ ನೋಡಲ್ಲ, ಪುಸ್ತಕ ಇಡ್ಕಂಡು ಕೂತ್ರೆ!"

"ಅದಕ್ಕೇ ನಾನವ್ನಿ" ಎಂದಳು ಸಣ್ಣಮ್ಮ. "ನಿದ್ದೆ ಮಾಡುದ್ರೆ ನೀರು ಸುರೀತೀನಿ."

ಸಾವಿತ್ರಿ ಬಹಳ ಹೊತ್ತು ನನ್ನ ಕಡೆ ನೋಡಿದಳು. ಎಷ್ಟು ಕಂಡಿತೋ. ಕೊನೆಗೆ ನನ್ನ ಕೈಹಿಡಿದು ಬ್ಯಾರನ್ನಿನ ಗೋಡೆಯಲ್ಲಿದ್ದ ಗಾಜಿನ ಕಿಂಡಿಯ ಮುಂದೆ ನಿಲ್ಲಿಸಿ, ಒಳಗೆ ತೂಗುಹಾಕಿದ ಫ್ಯಾರನ್ಹೀಟ್ ಥರ್ಮಾಮೀಟರ್ ತೋರಿಸಿದಳು. "ಸೊಪ್ಪು ಇನ್ನೂ ಅಳದಿ ತಿರುಗ್ತಾ ಅದೆ. ನೂರರ ಹತ್ರನೇ ನಿಂತಿರ್ಬೇಕು. ಏರೂ ಬಾರ್ದು, ಇಳೀನೂ ಬಾರ್ದು."

ಬೆಳಿಗ್ಗೆ ಅವರು ಮೊದಲ ಬಸ್ಸಿಗೆ ಹೋದರು. ನಾನು ಒಲೆಯ ಮುಂದೆ ಕೂತೆ. ಒಂದು ಪುಟ ಓದುವುದು, ಎದ್ದು ಕಿಂಡಿಯಲ್ಲಿ ಇಣುಕುವುದು, ಸೌದೆಯ ಕೊಳ್ಳಿ ಒಂದಿಷ್ಟು ಹಿಂದಕ್ಕೆಳೆಯುವುದು, ಫೋನು ನೋಡುವುದು. ಮಳೆ ಬಂದು ಪಾದರಸ ಇಳಿಯಿತು, ಇಬ್ಬರೂ ಓಡಾಡಿ ಒಣಸೌದೆ ತುಂಬಿದೆವು. ಅದು ಮತ್ತೆ ಏರುವ ತನಕ ನಾನು ಕಿಂಡಿ ಬಿಟ್ಟು ಕದಲಲಿಲ್ಲ. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ನಿನ್ನೆ ಬಸ್ಸಿನಲ್ಲಿ ಈ ಪುಸ್ತಕದಲ್ಲಿ ಏನೂ ಆಗುವುದಿಲ್ಲ ಎಂದು ಸಿಡಿಮಿಡಿಗೊಂಡಿದ್ದೆ. ಈಗ, ಸಿಸ್ಟರ್, ಏನೂ ಆಗದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಡ್ರ್ಯಾಗನ್ ಮಲಗಿದ್ದಾಗ ಊರಿನವರು ಸರದಿಯ ಮೇಲೆ ಒಲೆ ಕಾಯುವ ಚಾಪ್ಟರ್ ಬಂತು. ನಲವತ್ತು ಪುಟ. ಒಂದು ಸಾಲನ್ನೂ ಬಿಡದೆ ಓದಿದೆ.

ಮೂರು ಗಂಟೆಗೆ ಮಹೇಶನ ಫೋನು ಬಂತು. "ಆಯ್ತು ದೊಡ್ಡಮ್ಮ, ಚೆನ್ನಾಗಾಯ್ತು. ಉರಿ ಎಂಗದೆ ಅಂತ ಕೇಳ್ತಾವ್ಳೆ."

"ನೂರರ ಹತ್ರ ಅಂತ ಹೇಳು" ಎಂದೆ.

ಸಂಜೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳು ನೆಟ್ಟಗೆ ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟಳು. ಒಳಗೆ ಹೋಗಿ ಮಲಗಿದಳು. ಸೊಪ್ಪು ಇಳಿಯುವ ತನಕ ನಾನು ಉಳಿದೆ.

ಹೊರಟ ದಿನ ಅವಳು ಕಪ್ಪು ಕನ್ನಡಕ ಹಾಕಿಕೊಂಡು ರಸ್ತೆಯ ತನಕ ಬಂದಳು. ದೂರದಲ್ಲಿ ಬಸ್ಸು ಕಂಡಿತು. ನಾನು ಬ್ಯಾಗು ಎತ್ತಿಕೊಂಡೆ.

"ತಡಿ, ಕೈ ತೋರುಸ್ಬೇಡ" ಎಂದು ನನ್ನ ತೋಳು ಹಿಡಿದಳು. ಕತ್ತು ಮುಂದೆ ಚಾಚಿ, ಬಸ್ಸಿನ ಹಣೆಯ ಬೋರ್ಡನ್ನೇ ನೋಡುತ್ತಾ ನಿಂತಳು. "ಪಿ... ಪಿರಿಯಾಪಟ್ಟಣ. ನಿಂದೇ ಕಣಕ್ಕ, ಅತ್ತು."

ಹತ್ತಿದೆ. ಸೀಟಿನಲ್ಲಿ ಕೂತು ಪುಸ್ತಕ ತೆರೆದರೆ ಹಾಳೆಗಳೆಲ್ಲ ಹೊಗೆಯ ವಾಸನೆ. ಹಿಂತಿರುಗಿ ನೋಡಿದೆ. ಅವಳು ಇನ್ನೂ ಅಲ್ಲೇ ನಿಂತಿದ್ದಳು, ಈಗ ಬಸ್ಸಿನ ಹಿಂದಿನ ಅಕ್ಷರಗಳನ್ನು ಓದುತ್ತಾ.