ರಾಹೇಲಮ್ಮನ ಕೋಳಿ ಹರಾಜಾದದ್ದು

ಯಾರಾದರೂ "ದೇವರು ನಮ್ಮನ್ನು ಚೆನ್ನಾಗಿ ಇಟ್ಟಿದ್ದಾನೆ" ಎಂದರೆ ನನಗೆ ಒಂದು ಕೆಂಪು ಕೋಳಿ ನೆನಪಾಗುತ್ತದೆ. ಕೆಂಪೋ, ಬೂದುಬಣ್ಣದ್ದೋ, ಖಾತ್ರಿಯಿಲ್ಲ. ಧಾರವಾಡಕ್ಕೆ ಹೋಗಿ ತತ್ವಶಾಸ್ತ್ರ ಓದಿ ಎಲ್ಲವನ್ನೂ ಅನುಮಾನಿಸಲು ಕಲಿತೆ. ಕೊನೆಗೆ ಅನುಮಾನ ನನ್ನ ನೆನಪಿಗೇ ಅಂಟಿಕೊಂಡಿತು.

ಎಪ್ಪತ್ತರ ದಶಕದ ಕೊನೆಯಿರಬೇಕು. ಹಗರಿಬೊಮ್ಮನಹಳ್ಳಿಯ ನಮ್ಮ ಪುಟ್ಟ ಚರ್ಚಿನಲ್ಲಿ ಸುಗ್ಗಿ ಹಬ್ಬ. ಜೋಳ, ಕುಂಬಳಕಾಯಿ, ತತ್ತಿ, ಕೋಳಿ, ಹೀಗೆ ಬೆಳೆದದ್ದನ್ನೋ ಸಾಕಿದ್ದನ್ನೋ ತಂದು ಒಪ್ಪಿಸುವುದು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಅದರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಕಟ್ಟಳೆಯಿತ್ತು. ಬಡವರು ತಂದದ್ದನ್ನು ಅವರೇ ಸಣ್ಣ ಬೆಲೆಗೆ ಕೂಗಿ ಮನೆಗೆ ಒಯ್ಯಬೇಕು. ಅವರ ಮೇಲೆ ಯಾರೂ ಕೂಗಬಾರದು. ಶೇಂಗಾ ಮಂಡಿಯಲ್ಲಿ ಚೀಲ ಹೊಲಿಯುತ್ತಿದ್ದ ವಿಧವೆ ರಾಹೇಲಮ್ಮನ ಕೋಳಿ ಹೀಗೆ ಪ್ರತಿವರ್ಷ ದೇವರಿಗೆ ಹೋಗಿ, ಸಂಜೆಗೆ ಗೂಡಿಗೆ ಮರಳುತ್ತಿತ್ತು. ಅವಳ ಮನೆಯ ಎಣ್ಣೆ, ಬೆಲ್ಲ ನಡೆಯುತ್ತಿದ್ದದ್ದೇ ಆ ಕೋಳಿಯ ತತ್ತಿ ಮಾರಿ.

ಆ ವರ್ಷ ದೂರದ ಬೋಧಕರೊಬ್ಬರು ಕಾರಿನಲ್ಲಿ ಬಂದರು. ವಿಶ್ವಾಸ ಗಟ್ಟಿಯಿದ್ದವನಿಗೆ ಸಿರಿ ತಾನಾಗಿ ಬರುತ್ತದೆ, ಬಾರದಿದ್ದವನು ತನ್ನ ಪ್ರಾರ್ಥನೆಯನ್ನು ಪರೀಕ್ಷಿಸಿಕೊಳ್ಳಲಿ ಎಂದರು. ಐಶ್ವರ್ಯವಂತ ಸ್ವರ್ಗ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಬೈಬಲಿನ ಮಾತಿನ ಪೇಚು ಬಂದಾಗ, ಅದು ಸೂಜಿಯಲ್ಲ, ಆ ಹೆಸರಿನ ಊರಬಾಗಿಲು, ಒಂಟೆ ತುಸು ಬಗ್ಗಿದರಾಯಿತು ಎಂದು ಬಿಡಿಸಿ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಮಂಡಿ ಮಾಲೀಕ ದಾವೀದಪ್ಪನವರು ನಿರಾಳವಾಗಿ ಉಸಿರುಬಿಟ್ಟರು. ಶ್ರೀಮಂತರಿಗಾಗಿ ಬಾಗಿಲು ಹುಡುಕಿಕೊಟ್ಟ ಪಂಡಿತರು ಬಡವರಿಗೆ ಒಂದು ಕಿಟಕಿಯನ್ನಾದರೂ ಹುಡುಕಿದ್ದನ್ನು ನಾನು ಎಲ್ಲೂ ಓದಿಲ್ಲ.

ಹರಾಜಿನಲ್ಲಿ ರಾಹೇಲಮ್ಮ ಎಂದಿನಂತೆ "ಎರಡು ರೂಪಾಯಿ" ಎಂದಳು. ಬೋಧಕರ ಪ್ರಸಂಗದ ಬಿಸಿ ಇನ್ನೂ ಆರದ ದಾವೀದಪ್ಪ "ಹತ್ತು!" ಎಂದರು.

"ಯಜಮಾನ್ರ, ಅದು ರಾಹೇಲಮ್ಮನ ಕೋಳಿರಿ," ಎಂದು ಯಾರೋ ಪಿಸುಗುಟ್ಟಿದರು.

"ಈಗ ದೇವರ ಕೋಳಿ ಐತಿ. ದೇವರ ಮುಖಕ್ಕ ಎರಡು ರೂಪಾಯಿ ಹೊಡೀತೀರೇನು?"

ಕೊಂಡದ್ದನ್ನು ಮತ್ತೆ ಚರ್ಚಿಗೇ ಕೊಟ್ಟು ಇನ್ನೊಮ್ಮೆ ಹರಾಜು ಮಾಡಿಸುವುದು ದೊಡ್ಡವರ ಠೀವಿ. ದಾವೀದಪ್ಪನೂ ಕೊಟ್ಟರು. ಚಪ್ಪಾಳೆ ಬಿತ್ತು. ರಾಹೇಲಮ್ಮನ ಮುಖದಲ್ಲಿ ಜೀವ ಬಂತು. "ಮೂರು ರೂಪಾಯಿರಿ," ಎಂದಳು. ದಾವೀದಪ್ಪನ ಚಪ್ಪಾಳೆ ಸಹಿಸದ ಕಂಟ್ರಾಕ್ಟರ್ ಯೋಸೇಫಪ್ಪ "ಹದಿನೈದು!" ಎಂದು ಗೆದ್ದು, ಕೋಳಿಯನ್ನು ಬೋಧಕರ ಕೈಗಿಟ್ಟರು. ಒಬ್ಬೊಬ್ಬರ ಔದಾರ್ಯಕ್ಕೂ ಕೋಳಿ ಅವಳಿಂದ ಒಂದೊಂದು ಮಾರು ದೂರವಾಯಿತು.

ನಮ್ಮ ಸಭೆಯ ಪಾದ್ರಿ ಅಯ್ಯನವರು ಸಮಾಧಾನಕ್ಕೆ ಬಂದರು. "ಎಲ್ಲಾರ ಕಾಣಿಕಿಗಿಂತ ನಿಂದ ಹೆಚ್ಚಾತು, ರಾಹೇಲಮ್ಮ. ಎಂಥಾ ಆಶೀರ್ವಾದ ನೋಡು!"

"ಆಶೀರ್ವಾದ ತತ್ತಿ ಇಡತೈತೇನ್ರಿ, ಅಯ್ಯನೋರ?"

ಮುಂದಿನದು ನನಗೆ ಸ್ಪಷ್ಟವಾಗಿ ನೆನಪಿದೆ. ಕಾರಿನ ಡಿಕ್ಕಿಗೆ ಹಾಕುವಾಗ ಕೋಳಿ ನುಣುಚಿಕೊಂಡು ಗೋಡೆ ಹಾರಿತು. ಸೀರೆಯ ನೆರಿಗೆ ಎತ್ತಿ ಹಿಡಿದು ರಾಹೇಲಮ್ಮ ನಗುತ್ತ ಅದರ ಹಿಂದೆ ತನ್ನ ಓಣಿಗೆ ಓಡಿದಳು.

ಮೊನ್ನೆ ಇದನ್ನು ಅಕ್ಕನಿಗೆ ಹೇಳಿದೆ. "ಎಲ್ಲಿ ಹಾರಿತ್ತಲೇ? ಮಧ್ಯಾಹ್ನಕ್ಕ ಬೋಧಕರ ತಾಟಿಗೆ ಬಂದಿತ್ತು. ಸಾರು ಮಾಡಿದಾಕಿ ನಮ್ಮವ್ವನೇ," ಎಂದಳು.

ಅಕ್ಕನ ನೆನಪು ಗಟ್ಟಿ. ಆದರೂ, ಸತ್ತವರು ಎದ್ದುಬರುವುದನ್ನು ನಂಬಲಾರದೆ ಚರ್ಚು ಬಿಟ್ಟವನು ನಾನು, ಈ ಒಂದು ಕೋಳಿಯ ವಿಷಯದಲ್ಲಿ ಮಾತ್ರ ಪಕ್ಕಾ ವಿಶ್ವಾಸಿ.