ಕಿತ್ತಳೆಗೂ ಬಾಳೆಹಣ್ಣಿಗೂ ಏನು ಹೋಲಿಕೆ?

ನನಗೆ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ಬರೆಯಬಾರದು ಅಂತಾರೆ. ಆದರೆ ಸಿಟ್ಟು ಇಳಿದ ಮೇಲೆ ನಾನು ಬರೆಯುವ ಪೈಕಿಯಲ್ಲ, ಮಲಗುವ ಪೈಕಿ. ಆದ್ದರಿಂದ ಈಗಲೇ ಬರೆದುಬಿಡುತ್ತೇನೆ.

ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ನನ್ನ ಸೋದರತ್ತೆ ಗಿರಿಜತ್ತೆಗೆ ಎಪ್ಪತ್ತೆಂಟು. ಕಳೆದ ವಾರ ಅವರ ಬೀದಿಯಲ್ಲಿ ಯಾರೋ ನೆನಪಿನ ಶಕ್ತಿ ತಪಾಸಣೆಯ ಶಿಬಿರ ಮಾಡಿದರು. "ಕಿತ್ತಳೆಗೂ ಬಾಳೆಹಣ್ಣಿಗೂ ಏನು ಹೋಲಿಕೆ?" ಎಂದು ಕೇಳಿದರಂತೆ. "ನೆಗಡಿ ಆದವ್ರಿಗೆ ಎರಡೂ ಕೊಡಬಾರ್ದು" ಅಂದರು ಅತ್ತೆ. ಸೊನ್ನೆ! ಎರಡೂ ಹಣ್ಣು ಅನ್ನಬೇಕಿತ್ತಂತೆ. ಹಣ್ಣು ಅಂತ ಯಾರಿಗೆ ಗೊತ್ತಿಲ್ಲ ಸ್ವಾಮಿ? ಗಡಿಯಾರದ ಚಿತ್ರ ಬರೆಯಿರಿ ಅಂದದ್ದಕ್ಕೆ "ಗೋಡೆ ಮೇಲೇ ಇದ್ಯಲ್ಲಪ್ಪ" ಅಂದರು. ಅದಕ್ಕೂ ಸೊನ್ನೆ. ಬುದ್ಧಿ ಮಂಕಾಗುತ್ತಿರಬಹುದು ಎಂದು ಆ ಪ್ರಶ್ನೆಗಳ ಕಾಗದದಲ್ಲೇ ಬರೆದು ಕೈಗಿತ್ತರು. ಅತ್ತೆಯ ಮಗ ರಮೇಶ ಹೆದರಿ, ಅಂದಿನಿಂದ ಅವರನ್ನು ಒಲೆಯ ಹತ್ತಿರ ಸೇರಿಸುತ್ತಿಲ್ಲ. ಅಡುಗೆಮನೆ ಆಳಿದ ಹೆಂಗಸು ನಡುಮನೆಯಲ್ಲಿ ಕೂತು, ಯಾರೋ ಮಾಡಿದ ಉಪ್ಪಿಲ್ಲದ ಸಾರು ಉಣ್ಣುತ್ತಿದ್ದಾರೆ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಹೇಳಿ ನಿವೃತ್ತನಾದವನು. ಮನಸ್ಸು ವಿಷಯಗಳನ್ನು ಹೇಗೆ ತಿಳಿಯುತ್ತದೆ ಎಂದು ಹುಡುಕುವ ಅರಿವಿನ ವಿಜ್ಞಾನ ಒಂದಿದೆ. ಅದೊಂದು ಕೂಡುಕುಟುಂಬ. ತಿಳಿಯುವುದೆಂದರೇನು ಎಂದು ತತ್ತ್ವಶಾಸ್ತ್ರ ಪೀಡಿಸುತ್ತದೆ. ನಮ್ಮ ಮನಃಶಾಸ್ತ್ರ ಪರೀಕ್ಷೆ ಮಾಡುತ್ತದೆ. ನರವಿಜ್ಞಾನದವರು ಮಿದುಳಿಗೆ ಇಣುಕುತ್ತಾರೆ, ಭಾಷಾಶಾಸ್ತ್ರದವರು ಮಾತನ್ನು ಬಿಡಿಸುತ್ತಾರೆ, ಕಂಪ್ಯೂಟರಿನವರು ಯಂತ್ರಕ್ಕೆ ಯೋಚನೆ ಕಲಿಸುತ್ತಾರೆ. ಮಾನವಶಾಸ್ತ್ರದವನು ಮಾತ್ರ ಜನರ ಮನೆಗೇ ಹೋಗಿ ಕೂತು, ಅವರು ಯಾವುದನ್ನು ಯಾವುದರ ಜೊತೆ ಇಟ್ಟು ಯೋಚಿಸುತ್ತಾರೆ ಎಂದು ನೋಡುತ್ತಾನೆ. ಅವನನ್ನು ಕೇಳಿದ್ದರೆ ಅತ್ತೆಯ ನೆಗಡಿಗೆ ಪೂರ್ತಿ ಅಂಕ ಸಿಗುತ್ತಿತ್ತು. ತಿನ್ನುವುದನ್ನು ಮೈಗೆ ಆಗುವುದು, ಆಗದ್ದು ಎಂದು ವಿಂಗಡಿಸುವುದು ಬುದ್ಧಿಯಲ್ಲದೆ ಮತ್ತೇನು?

ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಶಿವಮೊಗ್ಗದ ಆಲ್ಕೊಳದ ಮನೆಯಿಂದ ಹೊರಟು, ಭದ್ರಾವತಿಯಲ್ಲಿ ರಮೇಶನ ಮೇಲೆ ಎಗರಾಡಿದೆ. "ಯಾವ ಮುಠ್ಠಾಳ ಬರೆದ ಪ್ರಶ್ನೆಯೋ ಇದು?"

ರಮೇಶ ಕಾಗದದ ಹಿಂಬದಿ ತೋರಿಸಿದ. ಸಣ್ಣಕ್ಷರದಲ್ಲಿ 'ಕನ್ನಡ ಅನುವಾದ' ಎಂದಿತ್ತು. ಪಕ್ಕದಲ್ಲಿ ನನ್ನ ಹೆಸರು.

ಹೌದು, ಸರ್ವಿಸ್ಸಿನಲ್ಲಿದ್ದಾಗ ಯಾರೋ ಕೇಳಿದರೆಂದು ಒಂದೇ ಮಧ್ಯಾಹ್ನ ಕೂತು ಮಾಡಿಕೊಟ್ಟು ಮರೆತುಬಿಟ್ಟಿದ್ದೆ. ಒಬ್ಬ ಅಜ್ಜಿಯನ್ನೂ ಕೇಳಿ ನೋಡಿರಲಿಲ್ಲ. ಬಂದ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ನಿಂತೆ. ನಾಚಿಕೆಯಾಯಿತು.

"ಪೇಪರ್ ಸೆಟ್ ಮಾಡಿದ್ದು ನೀನೇನೋ?" ಅಂದರು ಅತ್ತೆ ಕೂತಲ್ಲಿಂದಲೇ. "ಅದಕ್ಕೇ ಪಾಠದಲ್ಲಿ ಇಲ್ದಿದ್ದೆಲ್ಲ ಬಂದಿತ್ತು!"

"ಆ ಮುಠ್ಠಾಳ ನಾನೇ ಮಾರಾಯ" ಅಂದೆ ರಮೇಶನಿಗೆ. "ಮರೆವು ಇದ್ಯೋ ಇಲ್ವೋ ಡಾಕ್ಟ್ರು ಸರಿಯಾಗಿ ನೋಡ್ಲಿ. ಈ ಕಾಗದ ನಂಬ್ಕೊಂಡು ಒಲೆ ಕಿತ್ಕೋಬೇಡ."

ಅವನು ಕಾಗದ ಮಡಚಿ ಜೇಬಿಗಿಟ್ಟ. "ಸರಿ, ಕಾಫಿ ಮಾಡ್ಲಿ. ನಾನು ಪಕ್ಕದಲ್ಲೇ ನಿಂತಿರ್ತೀನಿ."

"ನಿಂತ್ಕೋ, ಕಲ್ತ್ಕೋ" ಎನ್ನುತ್ತ ಅತ್ತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು.

ಹತ್ತು ನಿಮಿಷದಲ್ಲಿ ಮೂರು ಲೋಟ ಬಂದವು. ಒಲೆ ಆರಿಸಿಯೇ ಬಂದಿದ್ದರು. ಪಕ್ಕದಲ್ಲೇ ನಿಂತು ನೋಡಿದ್ದ ರಮೇಶ ಬಂದು ತನ್ನ ಲೋಟ ಎತ್ತಿಕೊಂಡ. ನಾನು ಗೆದ್ದ ಖುಷಿಯಲ್ಲಿ ಒಂದು ಗುಟುಕು ಕುಡಿದೆ. ಸಕ್ಕರೆ ಇಲ್ಲ. ನನಗೆ ಶುಗರ್ ಬಂದಿರುವುದನ್ನು ಅತ್ತೆಗೆ ಹೋದ ಯುಗಾದಿಯಲ್ಲಿ ಒಂದೇ ಒಂದು ಸಲ ಹೇಳಿದ್ದೆ. ಇದೊಂದನ್ನು ಮರೆತಿದ್ದರೆ ಅವರ ಗಂಟೇನು ಹೋಗುತ್ತಿತ್ತು?